ಟೆಂಡರ್ ಕರೆಯದೆ ಗ್ರಂಥಾಲಯ ಸೇವೆ ಕೊಳ್ಳಬಹುದೇ? ‘ಒಂದೇ ಮೂಲ’ದ ಖರೀದಿ ಹೇಗೆ ನಡೆಯುತ್ತದೆ

2025ರ ಜನವರಿಯಲ್ಲಿ ‘ಒಂದು ರಾಷ್ಟ್ರ, ಒಂದು ಚಂದಾದಾರಿಕೆ’ ಯೋಜನೆ ಜಾರಿಗೆ ಬಂತು. ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಲ್ಲಿ ಓದುವವರಿಗೆ 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳನ್ನು ಒದಗಿಸುವ ಯೋಜನೆ ಇದು. ಮೂರು ವರ್ಷಕ್ಕೆ ಕೇಂದ್ರ ಸರ್ಕಾರ ತೆಗೆದಿಟ್ಟ ಹಣ 6,000 ಕೋಟಿ ರೂಪಾಯಿ. ಇಷ್ಟು ದೊಡ್ಡ ಮೊತ್ತವಾದರೂ ‘ಯಾರು ಕಡಿಮೆಗೆ ಕೊಡುತ್ತೀರಿ’ ಅಂತ ಕೇಳಿ ಪ್ರಕಾಶಕರನ್ನು ಆರಿಸಲಿಲ್ಲ. ಅವರ ಜೊತೆ ಕೂತು ದರ ಮಾತಾಡಿ ಮುಗಿಸಿದರು.

ಊರಿನ ಚರಂಡಿ ಕೆಲಸಕ್ಕೂ ‘ಟೆಂಡರ್ ಆಗಿದೆಯಾ’ ಅಂತ ಕೇಳುವ ಜನ ನಾವು. ಕೇಳಲೇಬೇಕು, ಅದು ನಮ್ಮ ದುಡ್ಡು. ಹಾಗಿರುವಾಗ ಇಂಥ ಖರೀದಿ ಹೇಗೆ ಒಪ್ಪಿಗೆಯಾಗುತ್ತದೆ?

ಕೊಡಗಿನವರಿಗೆ ಈ ಪ್ರಶ್ನೆ ಈಗ ಹತ್ತಿರ ಬಂದಿದೆ. 2023ರಲ್ಲಿ ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯ ಬಂತು, ಚಿಕ್ಕಅಳುವಾರದಲ್ಲಿ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಇದೆ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದಲ್ಲಿ ಏಲಕ್ಕಿಯ ಕೆಲಸ ಮಾಡುವ ಸಂಶೋಧನಾ ಕೇಂದ್ರ ಇವೆ. ಹಳ್ಳಿಗಳಲ್ಲಿ ಪಂಚಾಯಿತಿ ಗ್ರಂಥಾಲಯಗಳಿವೆ. ಇವಕ್ಕೆಲ್ಲ ಪುಸ್ತಕದ ಜೊತೆಗೆ ಇನ್ನೆರಡು ಬೇಕು. ಒಂದು, ಯಾವ ಪುಸ್ತಕ ಎಲ್ಲಿದೆ ಅಂತ ಹೇಳುವ ಕ್ಯಾಟಲಾಗ್. ಇನ್ನೊಂದು, ತಮ್ಮಲ್ಲಿ ಇಲ್ಲದ್ದನ್ನು ಬೇರೆ ಗ್ರಂಥಾಲಯದಿಂದ ತರಿಸಿಕೊಳ್ಳುವ ವ್ಯವಸ್ಥೆ. ಈ ಎರಡು ಸೇವೆಗಳನ್ನು ಸರ್ಕಾರಗಳು ಬಹಳ ಸಲ ಪೈಪೋಟಿ ಇಲ್ಲದೆ, ಒಬ್ಬರಿಂದಲೇ ಕೊಳ್ಳುತ್ತವೆ. ಕಾರಣ ತಿಳಿಯಬೇಕಾದರೆ ಮೊದಲು ಕ್ಯಾಟಲಾಗ್ ಅಂದರೇನು ಅಂತ ನೋಡೋಣ.

ಒಂದು ಪುಸ್ತಕದ ದಾಖಲೆಯಲ್ಲಿ ಏನಿರುತ್ತದೆ

‘ಪಟ್ಟೋಲೆ ಪಳಮೆ’ಯನ್ನೇ ತೆಗೆದುಕೊಳ್ಳಿ. ನಡಿಕೇರಿಯಂಡ ಚಿಣ್ಣಪ್ಪ ಅವರು ಕೊಡವರ ಜಾನಪದ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಹೊರತಂದ ಪುಸ್ತಕ. ಇದು ಗ್ರಂಥಾಲಯಕ್ಕೆ ಬಂತು ಅನ್ನಿ. ಹೆಸರು, ವರ್ಷ, ಪುಟ ಬರೆದು ಕಪಾಟಿಗೆ ಹಾಕಿದರೆ ಮುಗಿಯಿತಲ್ಲ ಅನ್ನಿಸಬಹುದು. ಆದರೆ ಕ್ಯಾಟಲಾಗ್ ಮಾಡುವವರ ಮುಂದೆ ಸಾಲುಸಾಲು ಪ್ರಶ್ನೆಗಳು ನಿಲ್ಲುತ್ತವೆ.

ಹೆಸರನ್ನು ಎಲ್ಲಿಂದ ಶುರು ಮಾಡಬೇಕು? ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ನಡಿಕೇರಿಯಂಡ ಮನೆತನ, ಚಿಣ್ಣಪ್ಪ ವ್ಯಕ್ತಿಯ ಹೆಸರು. ಒಂದು ಗ್ರಂಥಾಲಯ ‘ನಡಿಕೇರಿಯಂಡ’ ಅಂತ, ಇನ್ನೊಂದು ‘ಚಿಣ್ಣಪ್ಪ, ಎನ್.’ ಅಂತ ಬರೆದರೆ ಕಂಪ್ಯೂಟರ್‌ಗೆ ಅವರು ಇಬ್ಬರು ಲೇಖಕರಾಗಿಬಿಡುತ್ತಾರೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರನ್ನೇ ನೋಡಿ. ಕೋದಂಡೇರ ಮಾದಪ್ಪ ಕಾರ್ಯಪ್ಪ, ಕೆ.ಎಂ. ಕಾರಿಯಪ್ಪ, ಕಾರ್ಯಪ್ಪ. ಇಂಗ್ಲಿಷ್ ಕಾಗುಣಿತ ಇನ್ನೂ ಬೇರೆ. ಇವೆಲ್ಲ ಒಬ್ಬರೇ ಅಂತ ಎಲ್ಲೋ ಒಂದು ಕಡೆ ದಾಖಲಾಗಿರಬೇಕು.

ವಿಷಯ ಏನಂತ ಬರೆಯಬೇಕು? ಹಳೆಯ ಪುಸ್ತಕಗಳಲ್ಲಿ ‘ಕೂರ್ಗ್’, ‘ಮರ್ಕೆರಾ’ ಅಂತಿರುತ್ತದೆ. ಹೊಸದರಲ್ಲಿ ಕೊಡಗು, ಮಡಿಕೇರಿ. ಒಂದನ್ನು ಹುಡುಕಿದವರಿಗೆ ಇನ್ನೊಂದೂ ಸಿಗುವಂತೆ ಕೊಂಡಿ ಹಾಕಬೇಕು.

ಭಾಷೆ ಯಾವುದು? ಇಲ್ಲಿ ನಮ್ಮ ಕಡೆಯವರಿಗೆ ನಿಜವಾದ ತೊಂದರೆಯೇ ಇದೆ. ಜಗತ್ತಿನ ಹೆಚ್ಚಿನ ಗ್ರಂಥಾಲಯಗಳು ಪುಸ್ತಕದ ದಾಖಲೆಯನ್ನು ‘ಮಾರ್ಕ್’ ಎಂಬ ಅಚ್ಚಿನಲ್ಲಿ ಬರೆಯುತ್ತವೆ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಆವ್ರಮ್ ಎಂಬಾಕೆಯ ಮುಂದಾಳತ್ವದಲ್ಲಿ ತಯಾರಾದದ್ದು ಅದು. ಅದರಲ್ಲಿ ಪ್ರತಿ ಮಾಹಿತಿಗೂ ಒಂದು ಅಂಕಿ ಇದೆ. 100 ಅಂದರೆ ಲೇಖಕರು, 245 ಅಂದರೆ ಶೀರ್ಷಿಕೆ, 650 ಅಂದರೆ ವಿಷಯ. ಭಾಷೆಗೆ ಮೂರಕ್ಷರದ ಸಂಕೇತ. ಕನ್ನಡಕ್ಕೆ ಅದರಲ್ಲಿ ತನ್ನದೇ ಸಂಕೇತ ಇದೆ. ಕೊಡವ ಭಾಷೆಗೆ ಇಲ್ಲ. ಅದು ‘ಇತರ ದ್ರಾವಿಡ ಭಾಷೆಗಳು’ ಎಂಬ ಒಂದೇ ಬುಟ್ಟಿಗೆ ಬೀಳುತ್ತದೆ. ತುಳುವೂ ಅಲ್ಲೇ, ತೋಡವೂ ಅಲ್ಲೇ. ಭಾಷೆಗಳ ಇನ್ನೊಂದು ವಿಸ್ತಾರವಾದ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಡವಕ್ಕೆ ‘ಕೆಎಫ್‌ಎ’ ಎಂಬ ಸ್ವಂತ ಗುರುತು ಇದೆ. ಯಾರಾದರೂ ಕಾಳಜಿ ವಹಿಸಿ ದಾಖಲೆಗೆ ಅದನ್ನೂ ಸೇರಿಸಿದರೆ ಮಾತ್ರ ‘ಕೊಡವ ಭಾಷೆಯ ಎಲ್ಲ ಪುಸ್ತಕ ತೋರಿಸು’ ಅಂದಾಗ ಸರಿಯಾದ ಉತ್ತರ ಬರುತ್ತದೆ.

ಇನ್ನು ಲಿಪಿ. ಹೊರದೇಶದ ಗ್ರಂಥಾಲಯಗಳು ನಮ್ಮ ಪುಸ್ತಕಗಳ ಹೆಸರನ್ನು ರೋಮನ್ ಅಕ್ಷರದಲ್ಲಿ, ಚುಕ್ಕೆ ಗೆರೆ ಸೇರಿಸಿ ಬರೆಯುತ್ತವೆ. ‘ಪಳಮೆ’ಯ ಳಕಾರಕ್ಕೆ ಕೆಳಗೊಂದು ಚುಕ್ಕೆ. ಕನ್ನಡ ಲಿಪಿಯ ರೂಪವನ್ನೂ ಜೊತೆಗೆ ಹಾಕದಿದ್ದರೆ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದವರಿಗೆ ಏನೂ ಸಿಗದು.

ಒಂದು ಪುಸ್ತಕಕ್ಕೆ ಇಷ್ಟು ಕೆಲಸ. ಭಾಷೆ ಗೊತ್ತಿರುವ, ನಿಯಮ ಗೊತ್ತಿರುವ ಒಬ್ಬರು ಕೂತು ಮಾಡಬೇಕು. ಗ್ರಂಥಾಲಯಕ್ಕೆ ಬರುವ ಪ್ರತಿ ಪುಸ್ತಕಕ್ಕೂ ಇದನ್ನೇ ಮಾಡುವಷ್ಟು ಸಿಬ್ಬಂದಿ ಎಲ್ಲಿದ್ದಾರೆ?

ಒಬ್ಬರು ಬರೆದದ್ದು ಎಲ್ಲರಿಗೂ

ಈ ಪ್ರಶ್ನೆಗೆ 1967ರಲ್ಲಿ ಅಮೆರಿಕದ ಓಹಾಯೊ ರಾಜ್ಯದ 54 ಕಾಲೇಜು ಗ್ರಂಥಾಲಯಗಳು ಸೇರಿ ಒಂದು ದಾರಿ ಕಂಡುಕೊಂಡವು. ಒಂದೇ ಪುಸ್ತಕಕ್ಕೆ 54 ಕಡೆ 54 ಜನ ದಾಖಲೆ ಬರೆಯುವುದು ಏಕೆ? ಮೊದಲು ಕೊಂಡವರು ಬರೆಯಲಿ, ಉಳಿದವರು ಅದನ್ನೇ ಬಳಸಲಿ. ಫ್ರೆಡರಿಕ್ ಕಿಲ್ಗೋರ್ ಅದರ ಮುಂದಾಳು. 1971ರ ಆಗಸ್ಟ್‌ನಲ್ಲಿ ಕಂಪ್ಯೂಟರ್ ಜಾಲದ ಮೂಲಕ ಕೆಲಸ ಶುರುವಾಯಿತು. ಆ ಸಂಸ್ಥೆಯೇ ಈಗಿನ ಓಸಿಎಲ್‌ಸಿ. ಲಾಭಕ್ಕಾಗಿ ನಡೆಯುವ ಕಂಪನಿ ಅಲ್ಲ, ಸದಸ್ಯ ಗ್ರಂಥಾಲಯಗಳ ಕೂಟ. ಅದರ ‘ವರ್ಲ್ಡ್‌ಕ್ಯಾಟ್’ ಎಂಬ ಒಟ್ಟು ಕ್ಯಾಟಲಾಗ್‌ನಲ್ಲಿ ಇಂದು 50 ಕೋಟಿಗೂ ಹೆಚ್ಚು ದಾಖಲೆಗಳಿವೆ.

ದಾಖಲೆ ಹಂಚಿಕೊಂಡಾಗ ಇನ್ನೊಂದು ಲಾಭ ತಾನಾಗಿಯೇ ಬಂತು. ಒಂದು ಪುಸ್ತಕದ ದಾಖಲೆಯನ್ನು ಯಾವ ಯಾವ ಗ್ರಂಥಾಲಯ ಬಳಸಿದೆಯೋ ಅವೆಲ್ಲದರಲ್ಲೂ ಆ ಪುಸ್ತಕ ಇದೆ ಎಂದಾಯಿತಲ್ಲ. ಅಂದರೆ ಯಾರ ಹತ್ತಿರ ಏನಿದೆ ಎಂಬ ಪಟ್ಟಿಯೂ ಸಿದ್ಧ. ಆ ಪಟ್ಟಿಯನ್ನೇ ಹಿಡಿದು 1979ರಲ್ಲಿ ಗ್ರಂಥಾಲಯಗಳ ನಡುವೆ ಪುಸ್ತಕ ಎರವಲು ಕೊಡುವ ಸೇವೆಯನ್ನೂ ಶುರು ಮಾಡಿದರು. ಗ್ರಂಥಾಲಯದವರು ‘ಸಂಪನ್ಮೂಲ ಹಂಚಿಕೆ’ ಅನ್ನುವುದು ಇದಕ್ಕೇ.

ನಮ್ಮ ದೇಶದಲ್ಲೂ ಇಂಥವು ಇವೆ. ದೆಹಲಿಯಲ್ಲಿ 1988ರಲ್ಲಿ ಶುರುವಾದ ಡೆಲ್‌ನೆಟ್ ಸದಸ್ಯ ಗ್ರಂಥಾಲಯಗಳ ಒಟ್ಟು ಕ್ಯಾಟಲಾಗ್ ಇಟ್ಟುಕೊಂಡು ಎರವಲು ವ್ಯವಸ್ಥೆ ನಡೆಸುತ್ತದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್, ಯುಜಿಸಿಯ ಕೂಸು. ವಿಶ್ವವಿದ್ಯಾಲಯಗಳ ಒಟ್ಟು ಕ್ಯಾಟಲಾಗ್ ‘ಇಂಡ್‌ಕ್ಯಾಟ್’ ಅದರದ್ದು. ಮೇಲೆ ಹೇಳಿದ ಚಂದಾದಾರಿಕೆ ಯೋಜನೆಯ ಉಸ್ತುವಾರಿಯೂ ಅದರದ್ದೇ. ಕೃಷಿ ಸಂಸ್ಥೆಗಳಿಗೆ 2007ರಿಂದ ‘ಸೆರಾ’ ಎಂಬ ಒಕ್ಕೂಟ ಇದೆ. ದೊಡ್ಡ 12 ಕೃಷಿ ಗ್ರಂಥಾಲಯಗಳು ಸೇರಿ ‘ಅಗ್ರಿಕ್ಯಾಟ್’ ಎಂಬ ಒಟ್ಟು ಕ್ಯಾಟಲಾಗ್ ಮಾಡಿದಾಗ ಅದನ್ನು ಕಟ್ಟಿದ್ದು ಓಸಿಎಲ್‌ಸಿಯ ವರ್ಲ್ಡ್‌ಕ್ಯಾಟ್ ಒಳಗೇ.

ಪೊನ್ನಂಪೇಟೆಯ ಒಬ್ಬ ವಿದ್ಯಾರ್ಥಿಗೆ ಏಲಕ್ಕಿಯ ಕಟ್ಟೆ ರೋಗದ ಬಗ್ಗೆ ಹಳೆಯ ಲೇಖನವೊಂದು ಬೇಕು ಅನ್ನಿ. ಕಾಲೇಜಿನಲ್ಲಿ ಇಲ್ಲ. ಗ್ರಂಥಪಾಲಕರು ಒಟ್ಟು ಕ್ಯಾಟಲಾಗ್‌ನಲ್ಲಿ ಹುಡುಕುತ್ತಾರೆ. ಆ ಪತ್ರಿಕೆಯ ಹಳೆಯ ಸಂಪುಟ ಯಾವುದೋ ಕೃಷಿ ವಿಶ್ವವಿದ್ಯಾಲಯದಲ್ಲಿ ಇದೆ ಅಂತ ತೋರಿಸುತ್ತದೆ. ಇವರು ಕೋರಿಕೆ ಕಳಿಸುತ್ತಾರೆ. ಅಲ್ಲಿಯವರು ಬೇಕಾದ ಪುಟಗಳನ್ನಷ್ಟೇ ಸ್ಕ್ಯಾನ್ ಮಾಡಿ ಕಳಿಸುತ್ತಾರೆ. ನಮ್ಮ ಜಿಲ್ಲೆಗೆ ಇದರ ಬೆಲೆ ಇನ್ನೂ ಜಾಸ್ತಿ. ಇಲ್ಲಿ ರೈಲಿಲ್ಲ. ಮಳೆಗಾಲದಲ್ಲಿ ರಸ್ತೆಯನ್ನೂ ನಂಬುವ ಹಾಗಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿ ಮುಚ್ಚಿದ್ದನ್ನು ಯಾರೂ ಮರೆತಿಲ್ಲ.

ಇದಕ್ಕೆ ಒಬ್ಬರೇ ಯಾಕೆ

ಇಂಥ ಸೇವೆಯಲ್ಲಿ ಪೈಪೋಟಿ ಕಡಿಮೆ ಇರುವುದಕ್ಕೆ ಕಾರಣ ತಂತ್ರಜ್ಞಾನ ಅಲ್ಲ. ಮಡಿಕೇರಿಯ ಶುಕ್ರವಾರದ ಸಂತೆಯನ್ನು ನೆನಪಿಸಿಕೊಳ್ಳಿ. ಅದೇ ಥರದ ಟಾರ್ಪಾಲು, ಅದೇ ಥರದ ತಕ್ಕಡಿ ತಂದು ನಾಲ್ಕು ಮೈಲಿ ಆಚೆ ಇನ್ನೊಂದು ಸಂತೆ ಹಾಕಬಹುದು. ಯಾರೂ ತಡೆಯುವುದಿಲ್ಲ. ಆದರೆ ಮಾರುವವರು ಬರುವುದು ಕೊಳ್ಳುವವರು ಇರುವಲ್ಲಿಗೆ, ಕೊಳ್ಳುವವರು ಹೋಗುವುದು ಮಾರುವವರು ಇರುವಲ್ಲಿಗೆ. ಹೊಸ ಸಂತೆಯ ಬಾಡಿಗೆ ಅರ್ಧ ಇದ್ದರೂ ಅಲ್ಲಿ ಜನ ಇಲ್ಲದಿದ್ದರೆ ಏನು ಉಪಯೋಗ?

ಒಟ್ಟು ಕ್ಯಾಟಲಾಗ್ ಕೂಡ ಹಾಗೆಯೇ. ಸಾವಿರಾರು ಗ್ರಂಥಾಲಯಗಳು ಹಲವು ದಶಕ ಹಾಕಿದ ದಾಖಲೆ ಒಂದು ಕಡೆ ಇದೆ. ಎರವಲು ಕೊಡುವವರೂ ಅಲ್ಲೇ ಇದ್ದಾರೆ. ಇನ್ನೊಂದು ಕಂಪನಿ ಅದಕ್ಕಿಂತ ಚೆಂದದ ತಂತ್ರಾಂಶ ತರಬಹುದು. ಆದರೆ ಅದರ ಪಟ್ಟಿಯಲ್ಲಿ ನಿಮಗೆ ಬೇಕಾದ ಗ್ರಂಥಾಲಯವೇ ಇಲ್ಲದಿದ್ದರೆ ಪುಸ್ತಕ ಬರುವುದು ಎಲ್ಲಿಂದ? ಸೇವೆಯ ಬೆಲೆ ಇರುವುದು ಅದರೊಳಗೆ ಯಾರು ಸೇರಿದ್ದಾರೆ ಎಂಬುದರಲ್ಲಿ.

ಪತ್ರಿಕೆಗಳ ವಿಷಯ ಇನ್ನೂ ಸರಳ. ಒಂದು ಸಂಶೋಧನಾ ಪತ್ರಿಕೆಗೆ ಒಬ್ಬರೇ ಪ್ರಕಾಶಕರು. ಅದು ಬೇಕೆಂದರೆ ಅವರನ್ನೇ ಕೇಳಬೇಕು.

ಕಾನೂನು ಏನು ಹೇಳುತ್ತದೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಬಹಿರಂಗ ಟೆಂಡರ್ ಕರೆದಾಗ ಒಬ್ಬರೇ ಬಿಡ್ ಹಾಕಿದರೆ ಅದು ‘ಒಂದೇ ಬಿಡ್’. ಅಲ್ಲಿ ಬಾಗಿಲು ಎಲ್ಲರಿಗೂ ತೆರೆದಿತ್ತು, ಬಂದವರು ಒಬ್ಬರು. ‘ಒಂದೇ ಮೂಲ’ದ ಖರೀದಿಯಲ್ಲಿ ಸರ್ಕಾರವೇ ಮೊದಲು ‘ಇದನ್ನು ಕೊಡಬಲ್ಲವರು ಇವರೊಬ್ಬರೇ’ ಅಂತ ತೀರ್ಮಾನಿಸಿ ನೇರವಾಗಿ ಅವರ ಜೊತೆ ವ್ಯವಹರಿಸುತ್ತದೆ. ಎರಡಕ್ಕೂ ನಿಯಮ ಬೇರೆ. ಸುದ್ದಿಗಳಲ್ಲಿ ಇವನ್ನು ಬೆರೆಸಿ ಬರೆಯುವುದು ಸಾಮಾನ್ಯ.

ಸುಪ್ರೀಂ ಕೋರ್ಟ್ 2006ರಲ್ಲಿ, ಮೇರಠ್ ನಗರ ನಿಗಮಕ್ಕೆ ಸಂಬಂಧಿಸಿದ ಪ್ರಕರಣವೊಂದರಲ್ಲಿ, ಸರ್ಕಾರದ ಗುತ್ತಿಗೆಗಳು ಸಾಮಾನ್ಯವಾಗಿ ಬಹಿರಂಗ ಹರಾಜು ಅಥವಾ ಟೆಂಡರ್ ಮೂಲಕವೇ ಆಗಬೇಕು ಎಂದಿತು. ಅಪರೂಪದ ವಿನಾಯಿತಿಗಳನ್ನೂ ಹೇಳಿತು. ಪ್ರಕೃತಿ ವಿಕೋಪ ಒಂದು. ಒಂದೇ ಮೂಲದಿಂದ ಮಾತ್ರ ಸಿಗುವ ವಸ್ತು ಅಥವಾ ಸೇವೆ ಇನ್ನೊಂದು. ಒಬ್ಬರಿಗೆ ಮಾತ್ರ ಹಕ್ಕಿದ್ದು ಸರಿಯಾದ ಬದಲಿ ಇಲ್ಲದಿರುವುದು ಮತ್ತೊಂದು.

ಕೊಡಗಿನೊಳಗೇ ಎರಡು ನಿಯಮಪುಸ್ತಕಗಳು ನಡೆಯುತ್ತವೆ, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಜಿಲ್ಲಾ ಕೇಂದ್ರ ಗ್ರಂಥಾಲಯ, ಕೊಡಗು ವಿಶ್ವವಿದ್ಯಾಲಯ, ಮಡಿಕೇರಿಯ ವೈದ್ಯಕೀಯ ಕಾಲೇಜು, ಪೊನ್ನಂಪೇಟೆಯ ಅರಣ್ಯ ಕಾಲೇಜು, ಇವೆಲ್ಲ ರಾಜ್ಯದ ಕಡೆಯವು. ಇವಕ್ಕೆ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಅನ್ವಯಿಸುತ್ತದೆ. ಕಚೇರಿಗಳಲ್ಲಿ ಇದನ್ನು ಕೆಟಿಪಿಪಿ ಕಾಯ್ದೆ ಅನ್ನುತ್ತಾರೆ. ಅಪ್ಪಂಗಳದ ಕೇಂದ್ರ, ಚೆಟ್ಟಳ್ಳಿಯ ಕಾಫಿ ಮಂಡಳಿಯ ಉಪಕೇಂದ್ರ, ಗಾಳಿಬೀಡಿನ ನವೋದಯ ವಿದ್ಯಾಲಯ ಕೇಂದ್ರದ ಕಡೆಯವು. ಅಲ್ಲಿ ನಡೆಯುವುದು 2017ರ ಸಾಮಾನ್ಯ ಹಣಕಾಸು ನಿಯಮಗಳು, ಅಂದರೆ ಜಿಎಫ್‌ಆರ್.

ಕೆಟಿಪಿಪಿ ಕಾಯ್ದೆಯ ಕಲಂ 4ರಲ್ಲಿ ಟೆಂಡರ್‌ನಿಂದ ವಿನಾಯಿತಿ ಸಿಗುವ ಸಂದರ್ಭಗಳಿವೆ. ಅದರ ‘ಬಿ’ ಭಾಗ ಒಂದೇ ಮೂಲದ್ದು. ಹಾಗಂತ ತೀರ್ಮಾನಿಸಲು ಮೂವರು ತಜ್ಞರ ಸಮಿತಿ ಬೇಕು. ಕೊಳ್ಳುವ ಸಂಸ್ಥೆಯವರ ಜೊತೆ ಹೊರಗಿನವರೂ ಅದರಲ್ಲಿರಬೇಕು. ಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ‘4(ಜಿ)’ ಬೇರೆಯೇ ದಾರಿ. ಅದು ಸರ್ಕಾರ ನಿರ್ದಿಷ್ಟ ಖರೀದಿಗೆ ಅಧಿಸೂಚನೆ ಹೊರಡಿಸಿ ಕೊಡುವ ವಿನಾಯಿತಿ. ಆದ್ದರಿಂದ ಯಾರಾದರೂ ‘ವಿನಾಯಿತಿ ಇತ್ತು’ ಅಂದರೆ ಯಾವ ಅಕ್ಷರದ ವಿನಾಯಿತಿ ಅಂತ ಕೇಳುವುದು ಒಳ್ಳೆಯದು. ‘ಬಿ’ ಅಂದರೆ ತಜ್ಞರ ಮಾತಿನ ಮೇಲೆ ನಿಂತದ್ದು. ‘ಜಿ’ ಅಂದರೆ ಸರ್ಕಾರದ ಆದೇಶದ ಮೇಲೆ ನಿಂತದ್ದು.

ಜಿಎಫ್‌ಆರ್‌ನಲ್ಲಿ ಇದು ನಿಯಮ 166. ಮೂರು ಸಂದರ್ಭಗಳಿಗೆ ಮಾತ್ರ ಅವಕಾಶ: ತಯಾರಿಸುವವರು ಒಬ್ಬರೇ ಆಗಿರಬೇಕು, ಅಥವಾ ತುರ್ತು ಇರಬೇಕು, ಅಥವಾ ಈಗಾಗಲೇ ಇರುವ ಯಂತ್ರಕ್ಕೆ ಹೊಂದಿಕೆಯಾಗುವಂಥದ್ದೇ ಬೇಕಾಗಿರಬೇಕು. ಒಬ್ಬರೇ ಇದ್ದಾರೆ ಅನ್ನುವಾಗ ಅಧಿಕಾರಿ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಆ ಪತ್ರ ಅರ್ಧ ಪುಟವೂ ಇರುವುದಿಲ್ಲ. ಇದನ್ನು ತಯಾರಿಸುವವರು ಇವರು, ಬೇರೆ ಯಾರದ್ದೂ ಒಪ್ಪಲಾಗದು, ಕಾರಣ ಇದು ಅಂತ ಬರೆದು, ಹಣಕಾಸು ವಿಭಾಗದ ಒಪ್ಪಿಗೆ ಮತ್ತು ಮೇಲಧಿಕಾರಿಯ ಮಂಜೂರಾತಿ ಪಡೆಯಬೇಕು. ಇಡೀ ಖರೀದಿಯ ಭಾರ ನಿಂತಿರುವುದು ‘ಕಾರಣ’ ಎಂಬ ಆ ಒಂದು ಸಾಲಿನ ಮೇಲೆ. ಅಲ್ಲಿ ‘ಗುಣಮಟ್ಟ ಉತ್ತಮವಾಗಿದೆ’ ಅಂತ ಬರೆದಿದ್ದರೆ ಅದು ಕಾರಣವೇ ಅಲ್ಲ. ಉತ್ತಮವಾದದ್ದು ಪೈಪೋಟಿಯಲ್ಲೂ ಗೆಲ್ಲಬಹುದಲ್ಲ. ‘ನಮಗೆ ಬೇಕಾದ ಇಂಥ ಗ್ರಂಥಾಲಯಗಳ ಸಂಗ್ರಹಕ್ಕೆ ದಾರಿ ಇದೊಂದೇ’ ಅಂತ ಬರೆದಿದ್ದರೆ ಅದನ್ನು ಪರೀಕ್ಷಿಸಿ ನೋಡಬಹುದು.

ಎಲ್ಲಾ ಭಾಗವೂ ಒಂದೇ ಮೂಲದ್ದಲ್ಲ

ಈ ಲೇಖನ ಬರೆಯಲು ಕೂತದ್ದೇ ಮುಖ್ಯವಾಗಿ ಈ ಮಾತು ಹೇಳಲು. ‘ಗ್ರಂಥಾಲಯ ಗಣಕೀಕರಣ’ ಅಂತ ಒಂದೇ ಹೆಸರಿನಲ್ಲಿ ಬರುವ ಖರೀದಿಯೊಳಗೆ ನಾಲ್ಕೈದು ಬೇರೆ ಬೇರೆ ಸಾಮಾನು ಇರುತ್ತವೆ. ಅವುಗಳಲ್ಲಿ ಕೆಲವು ಮಾತ್ರ ನಿಜವಾಗಿ ಒಂದೇ ಮೂಲದವು.

ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಸದಸ್ಯರ ಲೆಕ್ಕ ಇಡುವುದಕ್ಕೆ ಬೇಕಾದ ತಂತ್ರಾಂಶವನ್ನು ನೋಡಿ. ಇದರಲ್ಲಿ ಆಯ್ಕೆ ಬೇಕಾದಷ್ಟಿದೆ. ‘ಕೋಹಾ’ ಎಂಬುದು ನ್ಯೂಜಿಲೆಂಡಿನ ಒಂದು ಸಣ್ಣ ಊರಿನ ಗ್ರಂಥಾಲಯ ಸಂಸ್ಥೆ 1999ರಲ್ಲಿ ತನಗಾಗಿ ಮಾಡಿಸಿಕೊಂಡ ತಂತ್ರಾಂಶ. ಮುಕ್ತವಾದದ್ದು, ಯಾರು ಬೇಕಾದರೂ ಬಳಸಬಹುದು. ನಮ್ಮ ದೇಶದಲ್ಲಿ ಬಹಳ ಕಾಲೇಜುಗಳು ಅದನ್ನೇ ಬಳಸುತ್ತವೆ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಸರ್ಕಾರಿ ಗ್ರಂಥಾಲಯಗಳಿಗೆಂದೇ ‘ಇ-ಗ್ರಂಥಾಲಯ’ ಮಾಡಿದೆ. ಇನ್‌ಫ್ಲಿಬ್‌ನೆಟ್‌ನ ‘ಸೋಲ್’ ಇದೆ. ಖಾಸಗಿಯವು ಬೇರೆ. ಕೋಹಾದಂಥ ಮುಕ್ತ ತಂತ್ರಾಂಶವನ್ನು ಹಾಕಿಕೊಡುವ, ರಿಪೇರಿ ಮಾಡುವ, ಕಲಿಸಿಕೊಡುವ ಕೆಲಸವನ್ನೂ ಹತ್ತಾರು ಜನ ಮಾಡುತ್ತಾರೆ. ಇಲ್ಲಿ ‘ಒಂದೇ ಮೂಲ’ ಅನ್ನುವುದಕ್ಕೆ ಜಾಗ ಇಲ್ಲ.

ಬಾರ್‌ಕೋಡ್ ಚೀಟಿ, ಸ್ಕ್ಯಾನರ್, ಕಂಪ್ಯೂಟರ್, ಹಳೆಯ ರಿಜಿಸ್ಟರ್ ನೋಡಿ ಮಾಹಿತಿ ಟೈಪ್ ಮಾಡಿಸುವುದು, ಹಳೆಯ ಪುಸ್ತಕ ಸ್ಕ್ಯಾನ್ ಮಾಡಿಸುವುದು, ಇವೂ ಮಾರುಕಟ್ಟೆಯಲ್ಲಿ ಸಿಗುವ ಕೆಲಸಗಳೇ.

ಒಂದೇ ಮೂಲ ಅನ್ನಿಸಿಕೊಳ್ಳುವುದು ಮೂರು: ಇಂಥದ್ದೇ ಒಟ್ಟು ಕ್ಯಾಟಲಾಗ್‌ಗೆ ಪ್ರವೇಶ, ಇಂಥದ್ದೇ ಎರವಲು ಜಾಲದ ಸದಸ್ಯತ್ವ, ಇಂಥದ್ದೇ ಪ್ರಕಾಶಕರ ಪತ್ರಿಕೆ. ಇವನ್ನು ಮೇಲಿನ ಸಾಮಾನುಗಳ ಜೊತೆ ಒಂದೇ ಕಟ್ಟು ಮಾಡಿ, ಇಡೀ ಕಟ್ಟಿಗೆ ವಿನಾಯಿತಿ ಕೇಳಿದಾಗ ಸಮಸ್ಯೆ ಶುರುವಾಗುತ್ತದೆ. ಸದಸ್ಯತ್ವದ ನಿಜವಾದ ಕಾರಣದ ನೆರಳಿನಲ್ಲಿ ಕಂಪ್ಯೂಟರೂ ಟೈಪಿಂಗೂ ಪೈಪೋಟಿ ಇಲ್ಲದೆ ದಾಟಿಹೋಗುತ್ತವೆ. ಆದ್ದರಿಂದ ಕಡತ ನೋಡುವಾಗ ಮೊದಲು ಕಟ್ಟು ಬಿಚ್ಚಿ ನೋಡಬೇಕು. ಯಾವ ಭಾಗ ನಿಜವಾಗಿ ಒಬ್ಬರ ಹತ್ತಿರ ಮಾತ್ರ ಇದೆ? ಉಳಿದದ್ದನ್ನು ಬೇರೆಯಾಗಿ ಟೆಂಡರ್ ಕರೆಯಬಹುದಿತ್ತೇ?

ಇನ್ನೊಂದು ಸೂಕ್ಷ್ಮ ಇದೆ. ‘ನಾವು ಈಗಾಗಲೇ ಇದನ್ನೇ ಬಳಸುತ್ತಿದ್ದೇವೆ, ಬದಲಾಯಿಸಿದರೆ ತೊಂದರೆ’ ಎಂಬ ಕಾರಣ. ಇದು ಪೂರ್ತಿ ಸುಳ್ಳಲ್ಲ. ವರ್ಷಗಟ್ಟಲೆ ಹಾಕಿದ ಮಾಹಿತಿ, ಸಿಬ್ಬಂದಿಯ ಅಭ್ಯಾಸ ಎಲ್ಲ ಬದಲಾಯಿಸುವುದು ಖರ್ಚಿನ ಕೆಲಸವೇ. ಆದರೆ ಅದನ್ನೇ ಪ್ರತಿ ವರ್ಷ ಬರೆಯುತ್ತಾ ಹೋದರೆ ಮೊದಲ ಸಲ ಗೆದ್ದವರು ಕೊನೆಯವರೆಗೂ ಗೆದ್ದಂತೆ. ಬದಲಾಯಿಸಲು ಎಷ್ಟು ಖರ್ಚು, ಬದಲಾಯಿಸದಿದ್ದರೆ ಎಷ್ಟು ಅಂತ ಆಗಾಗ ಲೆಕ್ಕ ಹಾಕಿ ಕಡತದಲ್ಲಿ ಇಡುವ ಗ್ರಂಥಾಲಯದ ಮೇಲೆ ನನಗೆ ಹೆಚ್ಚು ನಂಬಿಕೆ.

ಅಮೆರಿಕದಲ್ಲಿ ಮೊದಲೇ ಸಾರಿ ಹೇಳುತ್ತಾರೆ

ಓಸಿಎಲ್‌ಸಿಯ ತವರಾದ ಅಮೆರಿಕದಲ್ಲಿ ಸರ್ಕಾರದ ಇಲಾಖೆಗಳ ಗ್ರಂಥಾಲಯಗಳು ಅದರ ಸೇವೆಯನ್ನು ಒಂದೇ ಮೂಲ ಎಂದು ಕೊಳ್ಳುವುದು ಮಾಮೂಲಿ. ಅಲ್ಲಿನ 1984ರ ಕಾನೂನಿನ ಪ್ರಕಾರ ಪೈಪೋಟಿಯೇ ನಿಯಮ, ‘ಜವಾಬ್ದಾರಿಯುತ ಮೂಲ ಒಂದೇ ಇದೆ’ ಎಂಬುದು ವಿನಾಯಿತಿಗಳಲ್ಲಿ ಒಂದು. ನಮಗಿಂತ ಬೇರೆಯಾದದ್ದು ನಡೆಯುವ ರೀತಿ. ಗುತ್ತಿಗೆ ಕೊಡುವ ಮೊದಲೇ ಇಲಾಖೆ ‘ನಾವು ಇಂಥವರಿಗೆ ಮಾತ್ರ ಕೊಡಲು ಯೋಚಿಸಿದ್ದೇವೆ, ಬೇರೆ ಯಾರಿಗಾದರೂ ಸಾಧ್ಯವಿದ್ದರೆ ಇಷ್ಟು ದಿನದೊಳಗೆ ತಿಳಿಸಿ’ ಅಂತ ಬಹಿರಂಗ ಸೂಚನೆ ಹಾಕುತ್ತದೆ. ಯಾರಾದರೂ ಮುಂದೆ ಬಂದರೆ ಅವರ ಸಾಮರ್ಥ್ಯ ನೋಡುತ್ತಾರೆ. ದೊಡ್ಡ ಗುತ್ತಿಗೆಗಳಲ್ಲಿ ಸಮರ್ಥನೆಯ ಪತ್ರವನ್ನು ಆಮೇಲೆ ಸಾರ್ವಜನಿಕರಿಗೆ ತೋರಿಸುತ್ತಾರೆ. ಸಣ್ಣ ಗ್ರಂಥಾಲಯಗಳು ಒಂಟಿಯಾಗಿ ಚೌಕಾಸಿ ಮಾಡಬೇಕಾಗದ ಹಾಗೆ, ಲೈಬ್ರರಿ ಆಫ್ ಕಾಂಗ್ರೆಸ್ ನಡೆಸುವ ‘ಫೆಡ್‌ಲಿಂಕ್’ ಎಂಬ ಒಕ್ಕೂಟವೂ ಇದೆ.

ಅಲ್ಲೂ ಎಲ್ಲರೂ ಒಪ್ಪಿ ಸುಮ್ಮನಿಲ್ಲ. ಸ್ಕೈರಿವರ್ ಎಂಬ ಕಂಪನಿ ಕ್ಯಾಟಲಾಗ್ ಸೇವೆ ಶುರು ಮಾಡಿ, 2010ರಲ್ಲಿ ಇನ್ನೊಂದು ಕಂಪನಿಯ ಜೊತೆ ಸೇರಿ, ಓಸಿಎಲ್‌ಸಿ ಏಕಸ್ವಾಮ್ಯ ನಡೆಸುತ್ತಿದೆ ಅಂತ ಮೊಕದ್ದಮೆ ಹೂಡಿತು. 2013ರಲ್ಲಿ ಅದನ್ನು ಹಿಂತೆಗೆದುಕೊಂಡರು. 2022ರಲ್ಲಿ ಕ್ಲಾರಿವೇಟ್ ಕಂಪನಿ ದಾಖಲೆಗಳನ್ನು ಉಚಿತವಾಗಿ ಹಂಚಿಕೊಳ್ಳುವ ‘ಮೆಟಾಡೋರ್’ ತರಲು ಹೊರಟಾಗ ಓಸಿಎಲ್‌ಸಿಯೇ ನ್ಯಾಯಾಲಯಕ್ಕೆ ಹೋಯಿತು. ರಾಜಿಯಾಗಿ ಮೆಟಾಡೋರ್ ನಿಂತಿತು. ಗ್ರಂಥಾಲಯಗಳು ಬರೆದ ದಾಖಲೆಯ ಮೇಲೆ ಹಕ್ಕು ಯಾರದ್ದು ಎಂಬ ಪ್ರಶ್ನೆ ಇದರ ಹಿಂದೆ ಇದೆ.

ಪೈಪೋಟಿ ಇಲ್ಲದಾಗ ಬೆಲೆ ಸರಿಯಿದೆ ಅಂತ ತಿಳಿಯುವುದು ಹೇಗೆ

ಟೆಂಡರ್‌ನಲ್ಲಿ ಬೆಲೆಯನ್ನು ಪೈಪೋಟಿಯೇ ಇಳಿಸುತ್ತದೆ. ಇಲ್ಲಿ ಕೊಳ್ಳುವವರೇ ಕೂತು ಕೇಳಬೇಕು. ಸಾಮಾನ್ಯ ಟೆಂಡರ್ ಮುಗಿದ ಮೇಲೆ ಚೌಕಾಸಿ ಮಾಡಬಾರದು ಅಂತ ಕೇಂದ್ರ ಜಾಗೃತ ಆಯೋಗ ಹೇಳುತ್ತದೆ. ಅದು ಬಿಟ್ಟುಕೊಟ್ಟ ಕೆಲವೇ ವಿನಾಯಿತಿಗಳಲ್ಲಿ ಒಬ್ಬರ ಹತ್ತಿರ ಮಾತ್ರ ಸಿಗುವ ಸಾಮಾನು ಒಂದು. ಅಂದರೆ ಇಂಥ ಖರೀದಿಯಲ್ಲಿ ದರ ಇಳಿಸಲು ಮಾತಾಡುವುದಕ್ಕೆ ಕೊಳ್ಳುವ ಸಂಸ್ಥೆಗೆ ಅವಕಾಶ ಇದ್ದೇ ಇದೆ.

ಹೋಲಿಸಲು ಮೂರು ದಾರಿಗಳಿವೆ. ತಾವೇ ಹಿಂದಿನ ವರ್ಷ ಕೊಟ್ಟ ದರ. ತಮ್ಮಷ್ಟೇ ದೊಡ್ಡ ಬೇರೆ ಸರ್ಕಾರಿ ಸಂಸ್ಥೆ ಕೊಟ್ಟ ದರ. ಸೇವೆ ಕೊಡುವವರೇ ಎಲ್ಲರಿಗೂ ಪ್ರಕಟಿಸಿರುವ ಶುಲ್ಕದ ಪಟ್ಟಿ. ಸದಸ್ಯತ್ವದ ಜಾಲಗಳಲ್ಲಿ ಮೂರನೆಯದು ಸುಲಭ, ಎಲ್ಲ ಸದಸ್ಯರಿಗೂ ಒಂದೇ ಶುಲ್ಕ ಇದ್ದರೆ ಅನುಮಾನಕ್ಕೆ ಎಡೆ ಕಡಿಮೆ. ವಿದೇಶಿ ಸೇವೆಯಾದರೆ ಡಾಲರ್ ಲೆಕ್ಕ, ಅದರ ಮೇಲೆ ತೆರಿಗೆ. ರೂಪಾಯಿ ಕುಸಿದರೆ ಶುಲ್ಕ ಏರದಿದ್ದರೂ ಬಿಲ್ ಏರುತ್ತದೆ. ಅದಕ್ಕೆಂದೇ ಸಂಸ್ಥೆಗಳು ಒಟ್ಟಾಗಿ ಕೊಳ್ಳುವುದರಲ್ಲಿ ಲಾಭ. ಕೊಡಗಿನ ಒಂದು ಕಾಲೇಜು ಒಬ್ಬಂಟಿಯಾಗಿ ಕೇಳಿದರೆ ದೊಡ್ಡ ಪ್ರಕಾಶಕರು ಜಗ್ಗುವುದಿಲ್ಲ. 6,300 ಸಂಸ್ಥೆಗಳ ಪರವಾಗಿ ದೇಶವೇ ಕೂತು ಮಾತಾಡಿದರೆ ಕೇಳಲೇಬೇಕಾಗುತ್ತದೆ. ‘ಒಂದು ರಾಷ್ಟ್ರ, ಒಂದು ಚಂದಾದಾರಿಕೆ’ಯ ಹಿಂದಿನ ಲೆಕ್ಕ ಇದೇ.

ಬಿಟ್ಟು ಹೋಗುವ ದಿನಕ್ಕೆ

ಒಪ್ಪಂದಕ್ಕೆ ಸಹಿ ಹಾಕುವ ಹೊತ್ತಿಗೆ ಅದನ್ನು ಮುಗಿಸುವ ದಿನದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಗ್ರಂಥಾಲಯಕ್ಕೆ ಅದೇ ಮುಖ್ಯ. ನಮ್ಮ ಸಿಬ್ಬಂದಿ ಕೂತು ಬರೆದ ಕೊಡವ, ಅರೆಭಾಷೆ, ಕನ್ನಡ ಪುಸ್ತಕಗಳ ದಾಖಲೆ ನಮಗೆ ವಾಪಸು ಸಿಗಬೇಕು. ಅದೂ ಮಾರ್ಕ್ ಅಚ್ಚಿನಲ್ಲಿ, ಕನ್ನಡ ಲಿಪಿ ಕೆಡದೆ ಯೂನಿಕೋಡ್‌ನಲ್ಲಿ, ಬೇರೆ ಯಾವ ತಂತ್ರಾಂಶಕ್ಕೂ ಸೇರಿಸಲು ಬರುವಂತೆ. ಪಿಡಿಎಫ್ ಪಟ್ಟಿ ಕೊಟ್ಟರೆ ಅದರಿಂದ ಏನೂ ಪ್ರಯೋಜನ ಇಲ್ಲ, ಎಲ್ಲವನ್ನೂ ಮತ್ತೆ ಟೈಪ್ ಮಾಡಬೇಕು. ಈ ಒಂದು ಷರತ್ತು ಒಪ್ಪಂದದಲ್ಲಿ ಇದ್ದರೆ ಮುಂದಿನ ಸಲ ಬೇರೆಯವರೂ ಪೈಪೋಟಿಗೆ ಬರಬಹುದು. ಇಲ್ಲದಿದ್ದರೆ ಇಂದು ಹತ್ತರಲ್ಲಿ ಒಂದಾಗಿದ್ದ ಸೇವೆ ನಾಳೆ ತಾನಾಗಿಯೇ ‘ಒಂದೇ ಮೂಲ’ ಆಗಿಬಿಡುತ್ತದೆ.

ನಾಗರಿಕರು ಎಲ್ಲಿ ನೋಡಬಹುದು

ರಾಜ್ಯದ ಸಂಸ್ಥೆಗಳ ಟೆಂಡರ್‌ಗಳು ಕರ್ನಾಟಕ ಸಾರ್ವಜನಿಕ ಖರೀದಿ ಪೋರ್ಟಲ್‌ನಲ್ಲಿ, ಕೇಂದ್ರದವು ಜೆಮ್ ಎಂಬ ಸರ್ಕಾರಿ ಆನ್‌ಲೈನ್ ಮಾರುಕಟ್ಟೆಯಲ್ಲಿ ಮತ್ತು ಕೇಂದ್ರದ ಖರೀದಿ ಪೋರ್ಟಲ್‌ನಲ್ಲಿ ಸಿಗುತ್ತವೆ. ಟೆಂಡರ್ ಇಲ್ಲದ ಖರೀದಿಯ ಒಳಗಿನ ಕಾಗದ ಅಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಅದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.

‘ಯಾಕೆ ಟೆಂಡರ್ ಕರೆಯಲಿಲ್ಲ’ ಅಂತ ಕೇಳಿದರೆ ಅದು ಮಾಹಿತಿಯಲ್ಲ, ಅಭಿಪ್ರಾಯ ಕೇಳಿದಂತೆ ಅಂತ ವಾಪಸು ಬರಬಹುದು. ಕಾಗದದ ಹೆಸರು ಹಿಡಿದು ಕೇಳಿ. ರಾಜ್ಯದ ಸಂಸ್ಥೆಯಾದರೆ ಕಲಂ 4ರ ಯಾವ ಭಾಗದಡಿ ವಿನಾಯಿತಿ ಪಡೆದರು ಎಂಬ ಆದೇಶ, ತಜ್ಞರ ಸಮಿತಿಯ ನಡಾವಳಿ. ಕೇಂದ್ರದ್ದಾದರೆ ನಿಯಮ 166ರ ಪ್ರಮಾಣಪತ್ರ. ಎರಡಕ್ಕೂ ದರ ಸರಿಯಿದೆ ಅಂತ ತೀರ್ಮಾನಿಸಿದ ಟಿಪ್ಪಣಿ, ಮತ್ತು ಒಪ್ಪಂದ ಮುಗಿದಾಗ ಮಾಹಿತಿಯನ್ನು ಹೇಗೆ ಹಿಂತಿರುಗಿಸಬೇಕು ಎಂದಿರುವ ಪುಟದ ಪ್ರತಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಅಧಿಕಾರಿಗೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು.